ಹಳೇ ಕಲ್ಲಿಗೂ ಸರ್ಟಿಫಿಕೇಟ್ ಇದೆ

ಉಜ್ಜನಪ್ಪ: ನೀಲ ಅಂದ್ಮೇಲೆ ನೀಲಿ ಇರ್ಬೇಕು ಮಾರಾಯ್ತಿ. ಹಳದಿ ನೀಲ ಅಂದ್ರೆ ಏನದು? ಆನ್‌ಲೈನ್‌ನವರು ಹೇಳಿದ್ರು ಅಂತ ನೀನು ನಂಬೋದಾ?

ರಾಜೇಶ್ವರಿ: ಹೇಳಿದ್ದು ಆನ್‌ಲೈನ್‌ನವರಲ್ಲ, ನಮ್ಮಜ್ಜಿ. ಪುಷ್ಯರಾಗಾನೂ ನೀಲಾನೂ ಒಂದೇ ಹೊಟ್ಟೇಲಿ ಹುಟ್ಟಿದ ಅಕ್ಕತಂಗೀರು ಅಂತ. ಬಣ್ಣ ಬೇರೆ, ಅಷ್ಟೆ. ನೀವೂ ನಿಮ್ಮಣ್ಣಾನೂ ಒಂದೇ ಬಣ್ಣ ಇದೀರಾ?

ಉಜ್ಜನಪ್ಪ: ನಮ್ಮಣ್ಣನ್ನ ಯಾಕೆ ಎಳೀತೀಯ ಇದಕ್ಕೆ?

ರಾಜೇಶ್ವರಿ: ನೀವು ನಮ್ಮಜ್ಜಿ ಮೇಲೆ ಅನುಮಾನ ಪಡ್ಬೋದು, ನಾನು ನಿಮ್ಮಣ್ಣನ ಹೆಸರು ಎತ್ತಬಾರ್ದಾ?

ಭದ್ರಾವತಿಯ ಜನ್ನಾಪುರದಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಬಾಗಿಲಿನಿಂದ ಒಳಬಂದ ಬಿಸಿಲು ಊಟದ ಮೇಜಿನ ಅರ್ಧದವರೆಗೆ ನಡೆದು ಅಲ್ಲೇ ನಿಂತಿತ್ತು. ಅದರ ಎದುರಿಗೆ, ಪುಟ್ಟ ಡಬ್ಬಿಯ ಬಿಳಿ ಹತ್ತಿಯ ಮೇಲೆ, ಕೊರಿಯರಿನಲ್ಲಿ ಬಂದ ಎರಡು ಕ್ಯಾರೆಟ್ಟಿನ ಹಳದಿ ಕಲ್ಲು. ಮೆಚ್ಚಿಗೆಯಾಗದಿದ್ದರೆ ಏಳು ದಿನದೊಳಗೆ ವಾಪಸು ಕಳಿಸಬಹುದು ಎಂದು ಅಂಗಡಿಯವರು ಮಾತು ಕೊಟ್ಟಿದ್ದರು. ಇವತ್ತು ಏಳನೆಯ ದಿನ.

ಉಜ್ಜನಪ್ಪನವರು ಉಕ್ಕಿನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ‘ರಿಜೆಕ್ಟ್’ ಎಂಬ ಮಾತನ್ನು ಅವರಷ್ಟು ಪ್ರೀತಿಯಿಂದ ಆಡಿದವರು ಊರಲ್ಲಿ ಇನ್ನೊಬ್ಬರಿಲ್ಲ. ಎದುರಿಗೆ ಕೂತವರು ಹೆಂಡತಿ ರಾಜೇಶ್ವರಿ. ಇಬ್ಬರ ನಡುವೆ, ಕಾಫಿಗೆಂದು ಬಂದು ಜಗಳ ನೋಡಲು ಉಳಿದವರು ಬಾಬು ಸಾಬ್. ಅದೇ ಕಾರ್ಖಾನೆಯ ಫರ್ನೇಸಿನ ಮುಂದೆ ಬೆವರಿದ ಹಳೆಯ ಗೆಳೆಯ, ನಾಲ್ಕು ಮನೆ ಆಚೆಯವರು.

ಬಾಬು ಸಾಬ್: ಕಲ್ಲು ಚೆನ್ನಾಗಿದೆ ಅಕ್ಕಾ. ಬಿಸಿ ಅನ್ನದ ಮೇಲೆ ಆಗ ತಾನೇ ಬಿದ್ದ ತುಪ್ಪದ ಥರ.

ಉಜ್ಜನಪ್ಪ: ನಿನ್ನನ್ಯಾರು ಕೇಳಿದ್ರು? ಕಾಫಿ ಕುಡಿ.

ರಾಜೇಶ್ವರಿ: ಅವರ ಮೇಲ್ಯಾಕೆ ಹಾರ್ತೀರ? ವಾರದಿಂದ ನೋಡ್ತಿದೀನಿ. ಮೊದಲ ದಿನ ಡಬ್ಬಿ ಚಿಕ್ಕದಾಯ್ತು ಅಂದ್ರಿ. ಮಾರನೇ ದಿನ ಇಷ್ಟು ಚಿಕ್ಕ ಕಲ್ಲಿಗೆ ಡಬ್ಬಿ ದೊಡ್ಡದಾಯ್ತು ಅಂದ್ರಿ. ಕಲ್ಲಿನ ಮೇಲೆ ಇನ್ನೂ ಒಂದು ತಪ್ಪು ಹೇಳಿಲ್ಲ.

ಉಜ್ಜನಪ್ಪ: ಹೇಳ್ತೀನಿ, ತಗೋ. ವಿಡಿಯೋದಲ್ಲಿ ಝಗಮಗ ಅಂತ ತಿರುಗಿಸಿ ತೋರಿಸ್ತಾರೆ. ನಾಲ್ಕು ಕಡೆಯಿಂದ ದೀಪ ಬಿಟ್ರೆ ಹುಣಸೆಬೀಜಾನೂ ಹೊಳೆಯುತ್ತೆ.

ರಾಜೇಶ್ವರಿ: ಅದಕ್ಕೇ ತನುಜಾ ಎರಡನೇ ವಿಡಿಯೋ ತರಿಸಿದ್ದು. ಅಂಗಡಿ ದೀಪ ಆರಿಸಿ, ಕಿಟಕಿ ಪಕ್ಕ ನೆರಳಲ್ಲಿ, ಬಿಳೀ ಕಾಗದದ ಮುಂದೆ ಎರಡು ಬೆರಳ ಮಧ್ಯೆ ಹಿಡಿದು ತೋರಿಸಿ ಅಂತ ಬರೆದ್ಲು. ಹಂಗೇ ಕಳಿಸಿದ್ರು. ಎದ್ದು ಹೋಗಿ ಬಾಗಿಲ ಹತ್ರ ಹಿಡಿದು ನೋಡಿ, ಅದೇ ಬಣ್ಣಾನಾ ಅಲ್ವಾ ಅಂತ.

ತನುಜಾ ಅವರ ಮಗಳು. ಶಿವಮೊಗ್ಗದ ಆಲ್ಕೊಳದಲ್ಲಿ ಮನೆ. ಕಲ್ಲು ಹುಡುಕಿದ್ದು, ಅದನ್ನು ನೋಡುವ ಭೂತಗನ್ನಡಿ ಕೊಡಿಸಿದ್ದು, ನೋಡುವ ಬಗೆಯನ್ನು ತಾಯಿಗೆ ಫೋನಿನಲ್ಲೇ ಕಲಿಸಿದ್ದು ಎಲ್ಲ ಅವಳೇ. ಉಜ್ಜನಪ್ಪನವರು ಕಲ್ಲನ್ನು ಬಾಗಿಲಿಗೆ ಒಯ್ದರು. ಬಣ್ಣ ಬೇರೆಯಾಗಿರಲಿ ಎಂದು ಅವರ ಮನಸ್ಸು ಬೇಡುತ್ತಿತ್ತು. ಕಲ್ಲು ಆ ಬೇಡಿಕೆಗೆ ಕಿವಿಗೊಡದೆ, ವಿಡಿಯೋದಲ್ಲಿ ಇದ್ದ ಹಾಗೇ ತಣ್ಣಗೆ ಹೊಳೆಯಿತು.

ಉಜ್ಜನಪ್ಪ: ಬಣ್ಣ... ಬಣ್ಣ ಪಾಸ್.

ಬಾಬು ಸಾಬ್: ನೋಡಿದ್ರಾ ಅಕ್ಕಾ? ಬೇಡ ಬೇಡ ಅಂದ್ರೂ ಬಾಯಿಂದ ಸತ್ಯಾನೇ ಬರೋದು.

ಉಜ್ಜನಪ್ಪ: ಬಣ್ಣ ಪಾಸ್ ಆದ್ರೆ ಆಯ್ತಾ? ಕಟಿಂಗ್ ನೋಡ್ಬೇಕು. ತೂಕ ಹೆಚ್ಚಲಿ ಅಂತ ಕೆಳಗಡೆ ಹೊಟ್ಟೆ ಬಿಟ್ಟಿರ್ತಾರೆ. ಆ ಹೊಟ್ಟೆ ಉಂಗುರದೊಳಗೆ ಹೋಗಿ ಕೂರುತ್ತೆ. ಮೇಲಿಂದ ನೋಡೋರಿಗೆ ಏನೂ ಸಿಗಲ್ಲ. ಎಲ್ಲಿ ನನ್ನ ವರ್ನಿಯರ್?

ನಿವೃತ್ತಿಯ ದಿನ ಹಾರದ ಜೊತೆ ಸಿಕ್ಕ ವರ್ನಿಯರ್ ಅಳತೆಪಟ್ಟಿ ದೇವರ ಗೂಡಿನ ಪಕ್ಕದಲ್ಲೇ ಇತ್ತು. ಕಣ್ಣು ಕಿರಿದು ಮಾಡಿಕೊಂಡು ಅವರು ಕಲ್ಲಿನ ಉದ್ದ, ಅಗಲ, ಆಳವನ್ನು ಮೂರು ಮೂರು ಸಲ ಅಳೆದರು. ನಾಲ್ಕನೆಯ ಸಲ ಅಳೆಯಲು ಹೊರಟಾಗ ರಾಜೇಶ್ವರಿ ತಡೆದರು.

ರಾಜೇಶ್ವರಿ: ಅಳೆದು ಅಳೆದು ಸವೆಸಿಬಿಡ್ತೀರ. ಎಷ್ಟು ಬಂತು?

ಉಜ್ಜನಪ್ಪ: ಅಗಲದ ಮೂರರಲ್ಲಿ ಎರಡು ಪಾಲು ಆಳ.

ರಾಜೇಶ್ವರಿ: ಅಂದ್ರೆ?

ಉಜ್ಜನಪ್ಪ: ಅಂದ್ರೆ... ಹೊಟ್ಟೆ ಇಲ್ಲ. ಆದ್ರೆ ಕೆಳತುದಿ ನಡುವಿಂದ ಒಂದು ಕೂದಲೆಳೆ ಆಚೆಗಿದೆ! ರಿಜೆಕ್ಟ್!

ಬಾಬು ಸಾಬ್: ಕೂದಲೆಳೆಗೆ ರಿಜೆಕ್ಟಾ? ಡೀವಿಯೇಷನ್ ಮೇಲೆ ಬಿಟ್ಕೊಡೋ ಯಾರ್. ಅಕ್ಕಾ, ಕಾರ್ಖಾನೇಲಿ ಅಳತೆ ಒಂಚೂರು ತಪ್ಪಿದ್ರೂ, ಕೆಲಸಕ್ಕೆ ತೊಂದ್ರೆ ಇಲ್ಲ, ನಡೆಯುತ್ತೆ ಅಂತ ಬರೆದು ಪಾಸ್ ಮಾಡೋದಕ್ಕೆ ಡೀವಿಯೇಷನ್ ಅಂತಾರೆ. ಈ ಮನುಷ್ಯ ಇಡೀ ಸರ್ವಿಸಲ್ಲಿ ಅದನ್ನ ಒಂದು ಸಲಾನೂ ಕೊಟ್ಟಿಲ್ಲ. ನಾವು ಬೇಯಿಸಿದ ಉಕ್ಕನ್ನ ನಮ್ಮ ತಲೆ ಮೇಲೇ ಹೊರಿಸಿ ವಾಪಸ್ ಕಳಿಸ್ತಿದ್ದ.

ಉಜ್ಜನಪ್ಪ: ಸರಿ ಇಲ್ಲದ್ದು ಸರಿ ಇಲ್ಲ. ಅದಕ್ಕೆ ಇನ್ನೊಂದು ಹೆಸರು ಯಾಕೆ? ರಾಜೀ, ಆ ಪೇಪರ್ ಕೊಡು. ಕಲ್ಲನ್ನ ಅಕ್ಷರದ ಮೇಲಿಟ್ಟು ಮೇಲಿಂದ ನೋಡಿದಾಗ ಅಕ್ಷರ ಕಂಡ್ರೆ ಕಟಿಂಗ್ ಕೆಟ್ಟಿದೆ ಅಂತ ಲೆಕ್ಕ. ಬೆಳಕು ಒಳಗೆ ತಿರುಗಿ ಮೇಲೆ ಬರ್ದೆ ತಳದಿಂದ ಸೋರಿ ಹೋಗ್ತಿದೆ ಅಂತ ಅರ್ಥ.

ರಾಜೇಶ್ವರಿ: ಇದನ್ನ ನಿಮಗೆ ಯಾರು ಹೇಳಿದ್ರು?

ಉಜ್ಜನಪ್ಪ: ನೀನು ತನುಜಾ ಹತ್ರ ಮಾತಾಡ್ವಾಗ ಕೇಳಿಸ್ಕೊಂಡೆ.

ದಿನಪತ್ರಿಕೆಯಲ್ಲಿ ಅಡಿಕೆಯ ಬಗೆಬಗೆಯ ಹೆಸರು, ಧಾರಣೆ ಅಚ್ಚಾಗಿದ್ದ ಅಂಕಣದ ಮೇಲೆ ಕಲ್ಲನ್ನು ಮುಖ ಮೇಲಾಗಿ ಇಟ್ಟು ಅವರು ಬಗ್ಗಿದರು. ಬಾಬು ಸಾಬರೂ ಬಗ್ಗಿದರು. ಎರಡು ತಲೆಗಳು ಡಿಕ್ಕಿ ಹೊಡೆದವು.

ಉಜ್ಜನಪ್ಪ: ಕಾಣ್ತಿದೆ! ‘ಗೊರಬಲು’ ಅಂತ ಸ್ಪಷ್ಟವಾಗಿ ಕಾಣ್ತಿದೆ! ‘ಬೆಟ್ಟೆ’ ಅನ್ನೋದೂ ಕಾಣ್ತಿದೆ!

ರಾಜೇಶ್ವರಿ: ರೀ, ನೀವು ಓದ್ತಿರೋದು ಕಲ್ಲಿನ ಪಕ್ಕದಲ್ಲಿರೋದನ್ನ. ಕಲ್ಲು ‘ರಾಶಿ’ ಮೇಲಿದೆ.

ಉಜ್ಜನಪ್ಪ: ಹೌದಾ? ರಾಶಿ... ಕಾಣ್ತಿಲ್ಲ. ಬರೀ ಹಳದಿ ಮಿಂಚು.

ಬಾಬು ಸಾಬ್: ರಾಶಿ ರೇಟು ಎಷ್ಟಾಗಿದೆ ನೋಡು ಅಂದ್ರೆ ಈ ಕಲ್ಲು ಅಡ್ಡ ನಿಂತಿದೆ. ಒಳ್ಳೇ ಕಲ್ಲು ಯಾರ್ ಇದು.

ರಾಜೇಶ್ವರಿ: ಆಯ್ತಲ್ಲ. ಇನ್ನು ಭೂತಗನ್ನಡೀಲಿ ನೋಡಿ.

ಉಜ್ಜನಪ್ಪನವರು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡರು. ಕಲ್ಲನ್ನು ಅತ್ತಿತ್ತ ತಿರುಗಿಸಿದರು. ಆಮೇಲೆ ಅವರ ಮುಖದಲ್ಲಿ ಹಬ್ಬ ನಡೆಯಿತು.

ಉಜ್ಜನಪ್ಪ: ಗೆರೆ! ಒಳಗೆ ಎಳೆ ಎಳೆಯಾಗಿ ಗೆರೆ ಇದೆ! ಉಕ್ಕಿನೊಳಗೆ ಹಿಂಗೆ ಏನಾದ್ರೂ ಸಿಕ್ಕಿದ್ರೆ ಇಡೀ ಲಾಟು ವಾಪಸ್. ರಿಜೆಕ್ಟ್, ರಿಜೆಕ್ಟ್!

ರಾಜೇಶ್ವರಿ: ಅದು ರೇಷ್ಮೆ ಕಣ್ರೀ. ಹಂಗಂತಾರೆ ಅದನ್ನ. ಭೂಮಿಯೊಳಗೆ ಹುಟ್ಟಿದ ಕಲ್ಲಿಗೆ ಹುಟ್ಟುಗುರುತು ಇರುತ್ತೆ. ಏನೂ ಇಲ್ದೆ ತೊಳೆದಿಟ್ಟಂಗಿದ್ರೆ ಆಗ ಅನುಮಾನ ಪಡ್ಬೇಕು. ಇನ್ನು ಒಳಗೆ ಗುಂಡಗೆ ಗುಳ್ಳೆ ಕಂಡ್ರಂತೂ ಮುಗೀತು.

ಉಜ್ಜನಪ್ಪ: ಗುಳ್ಳೆ ಕಂಡ್ರೆ ಏನು?

ರಾಜೇಶ್ವರಿ: ಗಾಜು.

ಉಜ್ಜನಪ್ಪನವರು ಭೂತಗನ್ನಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನೀರು ಬೇಕು ಎಂದರು. ಕೊಟ್ಟ ನೀರನ್ನು ಕುಡಿಯಲಿಲ್ಲ.

ರಾಜೇಶ್ವರಿ: ಇಗೋ ಸರ್ಟಿಫಿಕೇಟ್. ಲ್ಯಾಬಿಂದು. ನಿಮಗೆ ಕಾಗದ ಇದ್ರೆ ಸಾಕಲ್ಲ. ಕಾರ್ಖಾನೆಯಿಂದ ಹಳೇ ಪೊರಕೆ ತರೋಕೂ ಗೇಟ್ ಪಾಸ್ ಬರೆಸಿದ ಮನುಷ್ಯ ನೀವು. ಅಸಲಿ ಅಂತಿದೆ, ತೂಕ ಇದೆ, ಕಾಸಿಲ್ಲ ಅಂತಾನೂ ಇದೆ.

ಉಜ್ಜನಪ್ಪ: ಕಾಸಿಲ್ಲ ಅಂದ್ರೆ?

ರಾಜೇಶ್ವರಿ: ಬಣ್ಣ ಏರಲಿ ಅಂತ ಕೆಲವು ಕಲ್ಲನ್ನ ಕುಲುಮೇಲಿಟ್ಟು ಕಾಸ್ತಾರಂತೆ. ಕಾಸದೆ ಇರೋದಕ್ಕೆ ಬೆಲೆ ಜಾಸ್ತಿ.

ಬಾಬು ಸಾಬ್: ತೋಬಾ! ಇದ್ಯಾವ ನ್ಯಾಯ ಅಕ್ಕಾ? ಬೆಂಕಿ ಮುಂದೆ ಮೂವತ್ತು ವರ್ಷ ನಿಂತಿದೀನಿ. ಕಾಸಿದ್ದಕ್ಕೆ ಬೆಲೆ ಕಮ್ಮಿ, ಸುಮ್ನೆ ಬಿದ್ದಿದ್ದಕ್ಕೆ ಜಾಸ್ತೀನಾ?

ಉಜ್ಜನಪ್ಪ: ಅದೆಲ್ಲ ಬಿಡು. ಸರ್ಟಿಫಿಕೇಟ್ ಯಾರು ಬೇಕಾದ್ರೂ ಅಚ್ಚು ಹಾಕಿಸ್ತಾರೆ.

ರಾಜೇಶ್ವರಿ: ಅದರ ನಂಬರನ್ನ ಲ್ಯಾಬಿನ ವೆಬ್‌ಸೈಟಲ್ಲಿ ಹೊಡೆದು ನೋಡಿದೀವಿ. ಇದೇ ಕಲ್ಲಿನ ಫೋಟೋ ಬಂತು.

ಉಜ್ಜನಪ್ಪ: ಆದ್ರೂ... ಹಿಂದಿನ ಕಾಲದಲ್ಲಿ ಸರ್ಟಿಫಿಕೇಟ್ ಇತ್ತಾ? ನಂಬಿಕೆ ಮೇಲೆ ತಗೋತಿದ್ರು. ಈಗ ನಿನ್ನ ಉಂಗುರದ ನೀಲಾನೇ ತಗೋ, ಅದಕ್ಕೇನು ಸರ್ಟಿಫಿಕೇಟ್ ಇತ್ತಾ?

ರಾಜೇಶ್ವರಿ: ಇದೆ.

ಉಜ್ಜನಪ್ಪ: ಏನಿದೆ?

ರಾಜೇಶ್ವರಿ: ಹಳೇ ಕಲ್ಲಿಗೂ ಸರ್ಟಿಫಿಕೇಟ್ ಇದೆ. ಒಳ್ಳೇದಾಯ್ತು ನೆನಪು ಮಾಡಿದ್ದು. ನಿಮ್ಮ ಕಾರ್ಖಾನೇಲಿ ಹೊಸ ಮಾಲು ಬಂದ್ರೆ ಮೊದಲು ಪಾಸಾದ ಸ್ಯಾಂಪಲ್ ಪಕ್ಕದಲ್ಲಿಟ್ಟು ನೋಡ್ತಿದ್ರಿ ಅಲ್ವಾ? ಮದುವೆ ಉಂಗುರ ತರ್ತೀನಿ. ಅದೇ ನಮ್ಮ ಸ್ಯಾಂಪಲ್. ಹೆಂಗೂ ನಾಳೆ ಶಿವಮೊಗ್ಗಕ್ಕೆ ಹೋಗ್ಬೇಕು. ಬೆರಳು ದಪ್ಪ ಆಗಿದೆ, ಮೂರ್ತಪ್ಪನವರ ಹತ್ರ ಸುತ್ತು ಹಿಗ್ಗಿಸ್ಬೇಕು. ಕಲ್ಲು ಬಿಚ್ಚಿ ತೊಳೆದೂ ಕೊಡ್ತಾರಂತೆ.

ಗಾಂಧಿ ಬಜಾರಿನ ಅಕ್ಕಸಾಲಿ ಮೂರ್ತಪ್ಪನವರ ಹೆಸರು ಕೇಳಿದ್ದೇ ಉಜ್ಜನಪ್ಪನವರ ಕೈ ಕುರ್ಚಿಯ ತೋಳನ್ನು ಹುಡುಕಿತು. ರಾಜೇಶ್ವರಿ ಕೋಣೆಯೊಳಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿತು.

ಉಜ್ಜನಪ್ಪ: ಬಾಬು, ನನ್ನ ಕಥೆ ಮುಗೀತು.

ಬಾಬು ಸಾಬ್: ಯಾಕೆ?

ಉಜ್ಜನಪ್ಪ: ಆ ಉಂಗುರದ ಕಲ್ಲು ನೆನಪಿದೆಯಾ?

ಬಾಬು ಸಾಬ್: ನೆನಪಿಲ್ದೆ? ಮೂರನೇ ಫರ್ನೇಸ್ ಮುಂದೆ ನನ್ನ ಕೈ ಜಾರಿ ಬಿದ್ದು ಒಡೆದ ಗಾಜು!

ಉಜ್ಜನಪ್ಪ: ಮೆತ್ತಗೆ, ಮೆತ್ತಗೆ!

ಕುದಿಯುವ ಉಕ್ಕನ್ನು ಬರಿಗಣ್ಣಿನಿಂದ ನೋಡಲಾಗದು. ಫರ್ನೇಸಿನವರು ಕಣ್ಣಿಗೆ ಕಡುನೀಲಿ ಗಾಜು ಹಿಡಿದು ಅದರ ಹದ ನೋಡುತ್ತಿದ್ದರು. ನಲವತ್ತು ವರ್ಷದ ಹಿಂದೆ ಅಂಥದೊಂದು ಗಾಜು ಒಡೆದಾಗ, ಮದುವೆ ಗೊತ್ತಾಗಿದ್ದ ಬಡ ಇನ್‌ಸ್ಪೆಕ್ಟರನೊಬ್ಬ ಅದರ ಚೂರನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನಿಂತಿದ್ದ.

ಉಜ್ಜನಪ್ಪ: ಅಮ್ಮನ ಓಲೆಯ ಬಂಗಾರ ಇತ್ತು, ಉಂಗುರ ಆಯ್ತು. ಕಲ್ಲಿಗೆ ಗತಿ ಇರ್ಲಿಲ್ಲ. ಹನ್ನೊಂದು ಸಂಜೆ ಕೂತು ಉಜ್ಜಿದೆ. ಮೊದಲು ಸಾಣೆಕಲ್ಲು, ಆಮೇಲೆ ಎಮರಿ ಪೇಪರ್, ಕೊನೆಗೆ ನಿನ್ನ ಹಳೇ ಬನಿಯನ್.

ಬಾಬು ಸಾಬ್: ಹೊಸ ಬನಿಯನ್.

ಉಜ್ಜನಪ್ಪ: ಶಿವಮೊಗ್ಗದಲ್ಲಿ ತಗೊಂಡ ನೀಲ ಅಂದ್ಬಿಟ್ಟೆ. ಜೀವನದಲ್ಲಿ ಹೇಳಿದ್ದು ಅದೊಂದೇ ಸುಳ್ಳು. ಅಸಲಿ ಕಲ್ಲು ಮನೇಲಿದ್ರೆ ಒಂದಲ್ಲ ಒಂದಿನ ಇದರ ಪಕ್ಕ ಇಟ್ಟು ನೋಡ್ತಾಳೆ ಅಂತಾನೇ ವಾರದಿಂದ ಬೇಡ ಅಂತಿದ್ದೆ. ಈಗ ಸರ್ಟಿಫಿಕೇಟ್ ಬೇರೆ ಇದೆ ಅಂತಾಳೆ, ಅದೆಲ್ಲಿಂದ ಬಂತು? ಅವಳು ಭೂತಗನ್ನಡಿ ಇಟ್ಟು ಗುಳ್ಳೆ ನೋಡಿದ್ರೆ ನಾನು ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರ್ಲಿ?

ಬಾಬು ಸಾಬ್: ನೀನೇ ಹೇಳ್ಬಿಡು ಯಾರ್. ಹೆಂಡ್ತಿ ತಾನೇ, ಆಡಿಟರ್ ಅಲ್ವಲ್ಲ.

ಉಜ್ಜನಪ್ಪ: ನೀನು ನಿನ್ನ ಹೆಂಡ್ತಿ ಫಿರೋಜಾಗೆ ಹೇಳಿದೀಯಾ?

ಬಾಬು ಸಾಬ್: ಅದು ಬೇರೆ ವಿಷಯ.

ಉಜ್ಜನಪ್ಪ: ಏನು ಬೇರೆ? ಅವಳ ಉಂಗುರದಲ್ಲಿರೋದೂ ಅದೇ ಗಾಜಿನ ಇನ್ನೊಂದು ಚೂರು!

ಬಾಬು ಸಾಬ್: ನಾನು ಚಿಕ್ಕಪ್ಪ ದುಬೈಯಿಂದ ತಂದಿದ್ದು ಅಂದಿದೀನಿ. ಚಿಕ್ಕಪ್ಪ ಈಗಿಲ್ಲ. ಹೋದವರ ಹೆಸರು ಕೆಡಿಸೋಕೆ ನಾನು ತಯಾರಿಲ್ಲ.

ಬೀರು ಮುಚ್ಚಿದ ಸದ್ದಾಯಿತು. ಉಜ್ಜನಪ್ಪನವರು ಭೂತಗನ್ನಡಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ರಾಜೇಶ್ವರಿ ಹಿತ್ತಾಳೆಯ ಕುಂಕುಮದ ಭರಣಿಯೊಂದನ್ನು ತಂದು ಮೇಜಿನ ಮೇಲಿಟ್ಟು, ಅದರಿಂದ ಉಂಗುರ ತೆಗೆದು ಹಳದಿ ಕಲ್ಲಿನ ಪಕ್ಕಕ್ಕೆ ಇಟ್ಟರು. ನೀಲಿ ಕಲ್ಲು ಬಿಸಿಲಿಗೆ ಕಣ್ಣು ಬಿಟ್ಟಿತು. ಹಳೆಯದಾದರೂ ಅದರ ನೀಲಿ ಸ್ವಲ್ಪವೂ ಮಾಸಿರಲಿಲ್ಲ.

ರಾಜೇಶ್ವರಿ: ಮೊದಲು ಕಟಿಂಗ್. ಹಳದೀದು ಎಲ್ಲಾ ಮುಖಾನೂ ಒಂದೇ ಸಮ. ನಮ್ಮ ನೀಲದ್ದು ನೋಡಿ, ಈ ಕಡೆ ಮುಖ ದೊಡ್ಡದು, ಆ ಕಡೇದು ವಾರೆ.

ಉಜ್ಜನಪ್ಪ: ವಾರೆ ಏನಿಲ್ಲ.

ರಾಜೇಶ್ವರಿ: ಈಗ ತಾನೇ ಕೂದಲೆಳೆಗೆ ರಿಜೆಕ್ಟ್ ಅಂದ್ರಿ. ಇದು ಕೂದಲೆಳೆ ಅಲ್ಲ, ಜಡೆ.

ಉಜ್ಜನಪ್ಪ: ಕೈಯಲ್ಲಿ ಮಾಡಿದ್ದು ಅಂದ್ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ! ಮಾಡಿದವನು ಪಾಪ ದಿನದ ಕೆಲಸ ಮುಗಿಸಿ, ಮಂದ ಬೆಳಕಲ್ಲಿ ಕೂತು ಮಾಡಿರ್ತಾನೆ.

ರಾಜೇಶ್ವರಿ: ಅವನ ಮೇಲೆ ನಿಮಗೆಷ್ಟು ಕರುಣೆ! ಕಲಿಯೋಕೆ ಬಂದವನಿಗೆ ಕೊಟ್ಟಿದ್ರೇನೋ.

ಉಜ್ಜನಪ್ಪ: ಕಲಿಯೋಕೆ ಬಂದವನಲ್ಲ, ಒಳ್ಳೇ ಕೈ ಅದು!

ಬಾಬು ಸಾಬ್: ಪಾಲಿಶ್ ಮಾತ್ರ ಏ-ಒನ್ ಅಕ್ಕಾ. ಬನಿಯನ್...

ಉಜ್ಜನಪ್ಪ: ಕಾಫಿ ಕುಡಿ ನೀನು!

ಬಾಬು ಸಾಬ್: ಲೋಟ ಖಾಲಿ ಆಗಿ ಅರ್ಧ ಗಂಟೆ ಆಯ್ತು.

ರಾಜೇಶ್ವರಿ: ಪೇಪರ್ ಮೇಲಿಟ್ಟು ನೋಡೋಣ ಅಂದ್ರೆ ಉಂಗುರದ ಹಿಂದೆ ಮುಚ್ಚಿದೆ.

ಉಜ್ಜನಪ್ಪ: ಹೌದು, ಮುಚ್ಚಿದೆ. ನೋಡೋಕಾಗಲ್ಲ. ಮುಗೀತು ಬಿಡು.

ರಾಜೇಶ್ವರಿ: ನಾಳೆ ಮೂರ್ತಪ್ಪನವರು ಬಿಚ್ಚಿದಾಗ ನೋಡಿದ್ರಾಯ್ತು.

ಉಜ್ಜನಪ್ಪ: ನಾಳೆ ನೀನ್ಯಾಕೆ ಬಸ್ಸಲ್ಲಿ ನೂಕಾಟ ಮಾಡ್ಕೊಂಡು ಹೋಗ್ತೀಯ? ನಾನೇ ಹೋಗ್ಬರ್ತೀನಿ.

ರಾಜೇಶ್ವರಿ: ಹೋದ ತಿಂಗಳು ನನ್ನ ಕನ್ನಡಕ ತರೋಕೆ ಹೋಗಿ ಅಂದ್ರೆ ಮಂಡಿ ನೋವು ಅಂದ್ರಿ.

ಆಗ ಉಜ್ಜನಪ್ಪನವರ ಫೋನು ಬಡಿದುಕೊಂಡಿತು. ಕಾರ್ಖಾನೆಯ ಸದ್ದಿಗೆ ಅವರ ಕಿವಿ ಮಂದವಾದ ಮೇಲೆ ಆ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು.

ಫೋನು: ಸಾರ್, ಕೊರಿಯರ್ ದೇವರಾಜ್. ರಿಟರ್ನ್ ಪಿಕಪ್‌ಗೆ ಬರ್ತಿದೀನಿ. ನ್ಯೂ ಟೌನ್ ಹತ್ರ ಇದೀನಿ, ಹತ್ತು ನಿಮಿಷ.

ಉಜ್ಜನಪ್ಪ: ರಾಂಗ್ ನಂಬರ್.

ಫೋನು: ಉಜ್ಜನಪ್ಪ ಸಾರ್ ಅಲ್ವಾ? ಬೆಳಿಗ್ಗೆ ನೀವೇ ಬುಕ್ ಮಾಡಿದೀರ. ಹಳದಿ ಸ್ಟೋನು, ಒಂದು ಪೀಸು. ವಾಪಸ್ ಮಾಡೋ ಕಾರಣದಲ್ಲಿ ‘ಕುಟುಂಬದ ಭದ್ರತೆ’ ಅಂತ ಬರೆದಿದೀರ. ಆಫೀಸಲ್ಲಿ ಅದೇನು ಅಂತ ಕೇಳ್ತಿದಾರೆ ಸಾರ್.

ಮೂವರೂ ಫೋನನ್ನೇ ನೋಡಿದರು. ಮಾತಾಡಿದ್ದು ರಾಜೇಶ್ವರಿ.

ರಾಜೇಶ್ವರಿ: ದೇವರಾಜ್, ಸ್ವಲ್ಪ ತಡೀಪ್ಪ. ಭದ್ರತೆಗೆ ಏನಾಗಿದೆ ಅಂತ ಕೇಳಿ ನಾನೇ ಫೋನ್ ಮಾಡ್ತೀನಿ.

ಫೋನು ಮಲಗಿತು.

ರಾಜೇಶ್ವರಿ: ನನಗೆ ಹೇಳ್ದೆ ವಾಪಸ್ ಬುಕ್ ಮಾಡಿದ್ರಾ?

ಉಜ್ಜನಪ್ಪ: ಅಳತೆ ಸರಿ ಇಲ್ಲ, ಬಣ್ಣ ಬೇರೆ, ಮಾಲು ಒಡೆದಿದೆ ಅಂತೆಲ್ಲ ಫೋನಲ್ಲಿ ಆರಿಸೋಕೆ ಕಾರಣ ಕೊಟ್ಟಿದ್ರು. ಯಾವುದೂ ನಿಜ ಅಲ್ಲ. ಸುಳ್ಳು ಒತ್ತೋಕೆ ಕೈ ಬರ್ಲಿಲ್ಲ.

ರಾಜೇಶ್ವರಿ: ನಿಮ್ಮ ಜೇಬಲ್ಲಿರೋದನ್ನ ಕೊಡಿ.

ಉಜ್ಜನಪ್ಪ: ಯಾವುದನ್ನ?

ರಾಜೇಶ್ವರಿ: ಭೂತಗನ್ನಡೀನ. ಬಿಸಿಲು ಅದರ ಮೇಲೆ ಬಿದ್ದು ನಿಮ್ಮ ಗದ್ದದ ಮೇಲೆ ಕುಣೀತಿದೆ.

ಉಜ್ಜನಪ್ಪನವರು ಕೊಟ್ಟು, ಕಣ್ಣು ಮುಚ್ಚಿಕೊಂಡರು. ರಾಜೇಶ್ವರಿ ಬಾಗಿಲ ಕಡೆ ತಿರುಗಿ, ಕೈಯೊಳಗಿನದನ್ನು ಬೆಳಕಿಗೆ ಹಿಡಿದು ನೋಡತೊಡಗಿದರು. ಹೊರಗೆ ತರಕಾರಿ ಗಾಡಿಯವನು ಹೀರೇಕಾಯಿ ಕೂಗುತ್ತ ಹೋದ.

ರಾಜೇಶ್ವರಿ: ಅಯ್ಯೋ! ಗುಳ್ಳೆ ಥರ ಏನೋ ಇದೆಯಲ್ಲ!

ಉಜ್ಜನಪ್ಪ: ಇದೆ! ಇದೆ ರಾಜೀ! ಎರಡಿದೆ! ಒಂದು ದೊಡ್ಡದು, ಒಂದು ಚಿಕ್ಕದು. ಉಜ್ಜುವಾಗಲೇ ನನಗೆ ಗೊತ್ತಿತ್ತು. ಅದು ನೀಲ ಅಲ್ಲ, ಗಾಜು. ಫರ್ನೇಸ್ ಗಾಜು. ಶಿವಮೊಗ್ಗಕ್ಕೆ ಹೋದದ್ದು ನಿಜ. ಅಂಗಡಿ ಮುಂದೆ ಎರಡು ಸಲ ನಡೆದದ್ದೂ ನಿಜ. ಒಳಗೆ ಹೋಗಿ ರೇಟು ಕೇಳೋಕೆ ಧೈರ್ಯ ಬರ್ಲಿಲ್ಲ. ಆ ವಾರೆ ಮುಖ ಇದೆಯಲ್ಲ, ಅದು ಏಳನೇ ಸಂಜೆ ಕರೆಂಟ್ ಹೋದಾಗ ಆಗಿದ್ದು. ಬಾಬೂನ ಬೇಕಾದ್ರೆ ಕೇಳು.

ಬಾಬು ಸಾಬ್: ನನ್ನನ್ನ ಯಾಕೆ ಕೇಳ್ಬೇಕು?

ರಾಜೇಶ್ವರಿ ಭೂತಗನ್ನಡಿಯನ್ನು ಕಣ್ಣಿನಿಂದ ಇಳಿಸಿದರು.

ರಾಜೇಶ್ವರಿ: ರೀ, ನಾನಿನ್ನೂ ಹಳದಿ ಕಲ್ಲನ್ನೇ ನೋಡ್ತಿದೀನಿ. ಇದು ಗುಳ್ಳೆ ಅಲ್ಲ, ನಿಮ್ಮ ಜೇಬಿನ ಧೂಳು.

ಮೇಜಿನ ಮೇಲೆ ಉಂಗುರ ಇಟ್ಟಲ್ಲೇ ಇತ್ತು. ಉಜ್ಜನಪ್ಪನವರು ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಕುಡಿಯದೆ ಇಟ್ಟಿದ್ದ ನೀರನ್ನು ಒಂದೇ ಉಸಿರಿಗೆ ಕುಡಿದರು.

ಉಜ್ಜನಪ್ಪ: ಹಂಗಾದ್ರೆ ಉಂಗುರ ನೋಡ್ಲೇ ಇಲ್ವಾ?

ರಾಜೇಶ್ವರಿ: ನೋಡೋದೇನಿದೆ? ಅದಕ್ಕೆ ಸರ್ಟಿಫಿಕೇಟ್ ಇದೆ ಅಂತ ಆಗಲೇ ಹೇಳಿದ್ನಲ್ಲ.

ಅವರು ಕುಂಕುಮದ ಭರಣಿಯ ತಳದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ಎತ್ತಿದರು. ಮಡಿಕೆಗಳಲ್ಲಿ ಕುಂಕುಮ ಗೆರೆ ಕಟ್ಟಿತ್ತು. ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಓದಿದರು.

ರಾಜೇಶ್ವರಿ: ‘ಗೇಟ್ ಪಾಸ್. ಹೊರಗೆ ಒಯ್ಯುವವರು: ಉಜ್ಜನಪ್ಪ, ಇನ್‌ಸ್ಪೆಕ್ಷನ್. ಮಾಲು: ಒಡೆದ ನೀಲಿ ಗಾಜು. ತುಂಡು: ಎರಡು. ಕಾರಣ: ಸ್ವಂತ ಉಪಯೋಗ. ಬೆಲೆ: ಇಲ್ಲ.’ ಕೆಳಗೆ ಗೇಟಿನ ಚೌಡಯ್ಯನವರ ಸಹಿ, ಸೀಲು. ತಾರೀಕು ನಮ್ಮ ಮದುವೆಗೆ ಹದಿನೆಂಟು ದಿನ ಮುಂಚೆ. ಯಾವ ಲ್ಯಾಬು ಕೊಡುತ್ತೆ ಇಂಥ ಸರ್ಟಿಫಿಕೇಟು? ಮೂಲ ಇದೆ, ಬಣ್ಣ ಇದೆ. ಕಾಸಿದ್ದೋ ಇಲ್ವೋ ಅಂತ ಮಾತ್ರ ಬಾಬಣ್ಣನ್ನೇ ಕೇಳ್ಬೇಕು.

ಬಾಬು ಸಾಬ್: ಕಾಸಿದ್ದು ಅಕ್ಕಾ. ಚೆನ್ನಾಗಿ ಕಾಸಿದ್ದು. ಏ ಉಜ್ಜನಪ್ಪ! ಒಡೆದ ಗಾಜಿಗೂ ಗೇಟ್ ಪಾಸ್ ಬರೆಸಿದ್ಯಾ ನೀನು?

ಉಜ್ಜನಪ್ಪ: ಬರೆಸ್ದೆ ಹೆಂಗೆ ತರೋದು? ಕಳ್ಳತನ ಆಗುತ್ತೆ!

ಬಾಬು ಸಾಬ್: ಹೆಂಡ್ತಿಗೆ ಸುಳ್ಳು ಹೇಳ್ಬೋದು, ಗೇಟಲ್ಲಿ ಸುಳ್ಳು ಹೇಳೋಂಗಿಲ್ಲ. ವಾಹ್!

ಉಜ್ಜನಪ್ಪ: ರಾಜೀ, ಇದು ನಿನಗೆ ಯಾವಾಗ ಸಿಕ್ತು?

ರಾಜೇಶ್ವರಿ: ಮದುವೆಯಾದ ಮೂರನೇ ವಾರ. ನಿಮ್ಮ ಖಾಕಿ ಅಂಗಿ ಒಗೆಯೋಕೆ ತಗೊಂಡೆ, ಜೇಬಲ್ಲಿತ್ತು. ಒಗೆಯೋ ಕಲ್ಲಿನ ಮೇಲೆ ಕೂತು ಅತ್ತೆ. ಆಮೇಲೆ ನಿಮ್ಮ ಹೆಬ್ಬೆರಳು ನೆನಪಾಯ್ತು. ತಾಳಿ ಕಟ್ಟುವಾಗ ಅದರ ಚರ್ಮ ಎಲ್ಲ ಸುಲಿದು ಕೆಂಪಗಿತ್ತು. ಗಂಟು ಹಾಕೋಕೆ ಒದ್ದಾಡ್ತಿದ್ರಿ. ಏನಾಯ್ತು ಅಂತ ಆಮೇಲೆ ಕೇಳಿದ್ರೆ, ಕಾರ್ಖಾನೇಲಿ ಏನೋ ಉಜ್ಜಿದ್ದು ಅಂದ್ರಿ. ಏನನ್ನ ಉಜ್ಜಿದ್ದು ಅಂತ ಅವತ್ತು, ಒಗೆಯೋ ಕಲ್ಲಿನ ಮೇಲೆ ಗೊತ್ತಾಯ್ತು. ಅಂಗಿ ಒಗೆದು ಹಾಕಿ ಉಂಗುರ ಹಾಕ್ಕೊಂಡೆ. ಬೆರಳು ದಪ್ಪ ಆಗೋವರೆಗೂ ತೆಗೀಲಿಲ್ಲ.

ಉಜ್ಜನಪ್ಪನವರು ತಮ್ಮ ಹೆಬ್ಬೆರಳನ್ನು ಇದೀಗ ಯಾರೋ ಕೈಗಿಟ್ಟ ವಸ್ತುವಿನಂತೆ ತಿರುಗಿಸಿ ನೋಡಿಕೊಂಡರು.

ಉಜ್ಜನಪ್ಪ: ಎಲ್ಲಾ ಗೊತ್ತಿದ್ದೂ ಇವತ್ತು ಇಷ್ಟು ಆಟ ಆಡಿಸಿದ್ಯಾ?

ರಾಜೇಶ್ವರಿ: ನೀವಾಗೇ ಹೇಳ್ತೀರ ಅಂತ ನಲವತ್ತು ವರ್ಷ ಕಾದೆ. ಇವತ್ತು ಸ್ವಲ್ಪ ಅವಸರ ಮಾಡಿದೆ, ಅಷ್ಟೆ.

ಉಜ್ಜನಪ್ಪ: ಹಳದಿ ಕಲ್ಲನ್ನೇ ನಿನ್ನ ಉಂಗುರಕ್ಕೆ ಕೂರಿಸ್ಕೋ ಹಂಗಾದ್ರೆ. ಅಸಲಿ ಇರ್ಲಿ ಕೈಯಲ್ಲಿ. ಆ ಗಾಜು ತೆಗೆದು ಬಿಸಾಕು.

ರಾಜೇಶ್ವರಿ: ಬಿಸಾಕೋದಾ? ಮೂರ್ತಪ್ಪನವರಿಗೆ ಹೇಳಿಟ್ಟಿದೀನಿ, ಸುತ್ತು ಹಿಗ್ಗಿಸಿ, ಕಲ್ಲನ್ನ ಮಾತ್ರ ಮುಟ್ಬೇಡಿ ಅಂತ. ತೊಳೀತಾರೆ ಅಂದಿದ್ದು ನಿಮ್ಮ ಮುಖ ನೋಡೋಕೆ. ಈ ಹಳದಿ ನನಗಲ್ಲ ಕಣ್ರೀ, ನಿಮಗೆ.

ಉಜ್ಜನಪ್ಪ: ನನಗಾ?

ರಾಜೇಶ್ವರಿ: ಕಾದ ಉಕ್ಕು ಬರಿಗಣ್ಣಿಗೆ ಯಾವ ಬಣ್ಣ ಕಾಣುತ್ತೆ ಅಂತ ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ನೋಡೋಕಾಗಲ್ಲ ರಾಜೀ, ಕಣ್ಣು ಕುಕ್ಕುತ್ತೆ, ಅಂಥಾ ಹಳದಿ ಅಂದಿದ್ರಿ. ನೀಲಿ ಗಾಜು ನನ್ನ ಹತ್ರ ಇದೆ. ಅದರ ಆಚೆ ಇದ್ದ ಬಣ್ಣ ನಿಮ್ಮ ಹತ್ರ ಇರ್ಲಿ ಅಂತ ತರಿಸಿದೆ. ಬರೋ ತಿಂಗಳು ಮದುವೆಗೆ ನಲವತ್ತು ತುಂಬುತ್ತಲ್ಲ.

ಉಜ್ಜನಪ್ಪನವರು ಕೈಗೆ ಸಿಕ್ಕ ವರ್ನಿಯರನ್ನು ಸುಮ್ಮನೆ ತೆರೆದು ಮುಚ್ಚಿದರು.

ಉಜ್ಜನಪ್ಪ: ಪೆನ್ಶನ್ ಮನುಷ್ಯ. ಇಷ್ಟು ದೊಡ್ಡ ಕಲ್ಲು ಹಾಕ್ಕೊಂಡು ಓಡಾಡಿದ್ರೆ ಜನ ಗಾಜು ಅಂತಾರೆ.

ರಾಜೇಶ್ವರಿ: ಅನ್ಲಿ ಬಿಡಿ. ಗಾಜು ಹಾಕ್ಕೊಂಡು ನೀಲ ಅಂತ ನಾನು ಇಷ್ಟು ವರ್ಷ ಮೆರೆದಿಲ್ವಾ? ಈಗ ಅಸಲಿ ಹಾಕ್ಕೊಂಡು ಗಾಜು ಅನ್ನಿಸ್ಕೊಳ್ಳೋ ಸರದಿ ನಿಮ್ಮದು.

ಉಜ್ಜನಪ್ಪ: ಮತ್ತೆ ನಾನು ಹೇಳಿದ ಸುಳ್ಳು? ಅದಕ್ಕೇನು ಬರೀತೀಯ? ರಿಜೆಕ್ಟಾ?

ರಾಜೇಶ್ವರಿ: ಬಾಬಣ್ಣ ಆಗ ಹೇಳಿದ್ರಲ್ಲ, ಅದೇನದು? ಅಳತೆ ತಪ್ಪಿದ್ರೂ ಕೆಲಸಕ್ಕೆ ತೊಂದ್ರೆ ಇಲ್ಲ, ನಡೆಯುತ್ತೆ ಅಂತ ಬರೆಯೋದು?

ಬಾಬು ಸಾಬ್: ಡೀವಿಯೇಷನ್ ಅಕ್ಕಾ.

ರಾಜೇಶ್ವರಿ: ಅದೇ. ನಿಮ್ಮನ್ನ ಮೂರನೇ ವಾರಾನೇ ಅದರ ಮೇಲೆ ಪಾಸ್ ಮಾಡಿದೀನಿ.

ಬಾಬು ಸಾಬರು ಚಪ್ಪಾಳೆ ತಟ್ಟಿ ನಕ್ಕರು. ವರ್ಷಗಟ್ಟಲೆ ತಮ್ಮ ಉಕ್ಕನ್ನು ವಾಪಸು ಕಳಿಸಿದವನು ಹೀಗೆ ಸಿಕ್ಕಿಬಿದ್ದದ್ದನ್ನು ಅವರು ಮನಸಾರೆ ಸವಿಯುತ್ತಿದ್ದರು. ರಾಜೇಶ್ವರಿ ದೇವರಾಜನಿಗೆ ಫೋನು ಮಾಡಿ, ಭದ್ರತೆ ಸರಿಯಾಗಿದೆ, ಬರುವುದು ಬೇಡ ಎಂದರು. ಆಮೇಲೆ ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಿಸುತ್ತ, ಅರ್ಧದಲ್ಲಿ ನಿಂತರು.

ರಾಜೇಶ್ವರಿ: ಒಂದು ಮಾತ್ರ ಉಳೀತು. ಇದರಲ್ಲಿ ತುಂಡು ಎರಡು ಅಂತಿದೆ. ಒಂದು ನನ್ನ ಹತ್ರ ಇದೆ. ಇನ್ನೊಂದು ಎಲ್ಲಿ ಹೋಯ್ತು ಬಾಬಣ್ಣ?

ಬಾಬು ಸಾಬರ ನಗು ಅಲ್ಲೇ ನಿಂತಿತು. ಅವರು ಎದ್ದು ಚಪ್ಪಲಿ ಹುಡುಕತೊಡಗಿದರು.

ಬಾಬು ಸಾಬ್: ಕಳೆದೇ ಹೋಯ್ತು ಅಕ್ಕಾ ಅದು. ಆಗಲೇ. ನಾನು ಬರ್ತೀನಿ, ನಮಾಜಿನ ಹೊತ್ತಾಯ್ತು. ಆ ಕಾಗದ ಜೋಪಾನ. ಫಿರೋಜಾ ಬಂದಾಗ ಭರಣಿ ಹೊರಗಿಡ್ಬೇಡಿ, ಗಾಳಿಗೆ ಹಾರಿ ಹೋಗುತ್ತೆ.

ರಾಜೇಶ್ವರಿ: ಹಾರಿ ಹೋದ್ರೂ ಚಿಂತೆ ಇಲ್ಲ ಬಾಬಣ್ಣ. ನಿಮ್ಮ ಮದುವೆಯಾದ ವರ್ಷಾನೇ ಅವಳು ಇದರ ಜೆರಾಕ್ಸ್ ಮಾಡಿಸಿ ಇಟ್ಕೊಂಡಿದಾಳೆ.